ಪಂದ್ಯ ನೋಡಲು ಬರುವ ಗಿರಾಕಿ: ಕ್ರೀಡಾ ಪ್ರವಾಸದ ಬೇಡಿಕೆ, ದಾಸ್ತಾನು ಮತ್ತು ಕರಾರು

2007ರ ಮಾರ್ಚ್ 17ರ ಶನಿವಾರ ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ಭಾರತ ತಂಡವು ಬಾಂಗ್ಲಾದೇಶಕ್ಕೆ ಐದು ವಿಕೆಟ್‌ಗಳಿಂದ ಸೋತಿತು. ಅದೇ ದಿನ ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ ಪಾಕಿಸ್ತಾನವು ಐರ್ಲೆಂಡಿಗೆ ಮೂರು ವಿಕೆಟ್‌ಗಳಿಂದ ಸೋತು ವಿಶ್ವಕಪ್ಪಿನಿಂದ ಹೊರಬಿದ್ದಿತು. ಮಾರ್ಚ್ 23ರಂದು ಭಾರತವು ಶ್ರೀಲಂಕಾಕ್ಕೆ 69 ರನ್‌ಗಳಿಂದ ಸೋತಿತು. ಅನಂತರ ಬಾಂಗ್ಲಾದೇಶವು ಬರ್ಮುಡಾವನ್ನು ಸೋಲಿಸಿದೊಡನೆ ಭಾರತದ ಕಥೆಯೂ ಮುಗಿಯಿತು. ಏಪ್ರಿಲ್ 15ರಂದು ಬಾರ್ಬಡೋಸ್‌ನ ಕೆನ್ಸಿಂಗ್‌ಟನ್ ಓವಲ್ ಮೈದಾನದಲ್ಲಿ ಭಾರತ ಮತ್ತು ಪಾಕಿಸ್ತಾನಗಳು ಎದುರಾಗುವವೆಂದು ಲೋಕವೆಲ್ಲ ಎಣಿಸಿತ್ತು. ಆ ದಿನ ಆ ಮೈದಾನದಲ್ಲಿ ಆಡಿದ್ದು ಐರ್ಲೆಂಡ್ ಮತ್ತು ಬಾಂಗ್ಲಾದೇಶ. ಐರ್ಲೆಂಡ್ 74 ರನ್‌ಗಳಿಂದ ಗೆದ್ದಿತು.

ಆಟದ ಸೋಲುಗೆಲುವುಗಳ ಚರ್ಚೆಗೆ ಈ ಪತ್ರಿಕೆಯಲ್ಲಿ ಸ್ಥಳವಿಲ್ಲ. ಆದರೆ ಆ ಏಪ್ರಿಲ್ 15ನ್ನು ನೆಚ್ಚಿ ಕೊಠಡಿ ಕಾದಿರಿಸಿಟ್ಟವರು, ವಾಹನ ಬಾಡಿಗೆಗೆ ಹಿಡಿದವರು, ಬಾವುಟ ಮತ್ತು ಅಂಗಿಗಳನ್ನು ತರಿಸಿಟ್ಟವರು ನಮ್ಮಂಥ ವ್ಯಾಪಾರಸ್ಥರೇ. ಪಂದ್ಯ ನಡೆಯಿತು, ಮೈದಾನವಿತ್ತು, ಮಳೆಯೂ ಅಡ್ಡಿಯಾಗಲಿಲ್ಲ; ಆದರೂ ಎಣಿಸಿದ ಗಿರಾಕಿ ಬರಲಿಲ್ಲ. ನಮ್ಮ ಸದಸ್ಯರಲ್ಲಿ ವಸತಿಗೃಹ, ಪ್ರವಾಸಿ ವಾಹನ, ಸಿದ್ಧ ಉಡುಪು, ಮುದ್ರಣ, ಪ್ಲಾಸ್ಟಿಕ್ ಅಚ್ಚು ಮುಂತಾದ ಕಸುಬುಗಳಲ್ಲಿರುವವರು ಅನೇಕರು. ಬೆಂಗಳೂರಿನಲ್ಲೋ ಹೊರಗೋ ದೊಡ್ಡ ಪಂದ್ಯವೊಂದು ಗೊತ್ತಾದಾಗ ಇವರಿಗೆಲ್ಲ ಒಂದು ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ಲೆಕ್ಕಕ್ಕೆ ಹೊಂದಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲು ವೆಸ್ಟ್ ಇಂಡೀಸಿನ ಏರ್ಪಾಡನ್ನು ನೋಡೋಣ. ಹದಿನಾರು ತಂಡಗಳು, ನಾಲ್ಕು ಗುಂಪುಗಳು, ಪ್ರತಿ ಗುಂಪಿನಿಂದ ಎರಡು ತಂಡಗಳು ಮುಂದಿನ ಹಂತಕ್ಕೆ. ಅಂದರೆ ಯಾವುದೇ ತಂಡಕ್ಕೆ ಖಚಿತವಾಗಿದ್ದ ಪಂದ್ಯಗಳು ಮೂರೇ ಮೂರು. ಮಾರ್ಚ್ 13ರಿಂದ ಏಪ್ರಿಲ್ 28ರವರೆಗೆ ನಡೆದ ಪಂದ್ಯಾವಳಿಯಲ್ಲಿ ಭಾರತದ ಆ ಮೂರೂ ಪಂದ್ಯಗಳು ಒಂದೇ ಊರಿನಲ್ಲಿ, ಏಳು ದಿನಗಳೊಳಗೆ ಮುಗಿದುಹೋದವು. ಉಳಿದ ದ್ವೀಪಗಳಿಗೆ ಭಾರತದ ಪ್ರೇಕ್ಷಕನು ಬರುವುದು ತಂಡ ಗೆದ್ದರೆ ಮಾತ್ರ. ಇಷ್ಟು ತೆಳುವಾದ ಆಧಾರದ ಮೇಲೆ ಕಟ್ಟಿದ ಕಟ್ಟಡಗಳು ಮಾತ್ರ ಗಟ್ಟಿಯಾಗಿದ್ದವು. ಗಯಾನಾದ ಪ್ರಾವಿಡೆನ್ಸ್ ಕ್ರೀಡಾಂಗಣವು ಭಾರತ ಸರ್ಕಾರದ ನೆರವಿನಿಂದಲೂ, ಆಂಟಿಗುವಾದ ವಿವಿಯನ್ ರಿಚರ್ಡ್ಸ್ ಕ್ರೀಡಾಂಗಣವು ಚೀನಾದ ನೆರವಿನಿಂದಲೂ ಎದ್ದವು. ದ್ವೀಪದಿಂದ ದ್ವೀಪಕ್ಕೆ ಹೋಗುವವರಿಗಾಗಿ ಹತ್ತು ದೇಶಗಳು ಸೇರಿ ಒಂದೇ ವೀಸಾ ಏರ್ಪಡಿಸಿದವು. ಅದರ ಶುಲ್ಕ 100 ಅಮೆರಿಕನ್ ಡಾಲರ್.

ಇಂಥ ಪ್ರವಾಸಿಯು ಕೊಂಡುಕೊಳ್ಳುವುದಾದರೂ ಏನನ್ನು? ಹಂಪಿಗೋ ಮೈಸೂರು ದಸರೆಗೋ ಬರುವವನು ನೋಡಲಿರುವ ವಸ್ತುವನ್ನು ಮೊದಲೇ ಬಲ್ಲನು. ಕಲ್ಲಿನ ರಥವು ಅಲ್ಲಿಯೇ ಇರುತ್ತದೆ, ವಿಜಯದಶಮಿಯ ತಿಥಿಯು ಪಂಚಾಂಗದಲ್ಲಿ ಬರೆದಿರುತ್ತದೆ. ಪಂದ್ಯದ ಪ್ರವಾಸಿಯಾದರೋ ತನ್ನ ತಂಡವು ಆ ದಿನ ಆ ಊರಿನಲ್ಲಿ ಆಡುತ್ತದೆಂಬ ನಿರೀಕ್ಷೆಯನ್ನು ಕೊಳ್ಳುತ್ತಾನೆ. ವಿಮಾನ, ಕೊಠಡಿ, ಊಟ ಎಲ್ಲವೂ ಆ ನಿರೀಕ್ಷೆಯ ಬೆನ್ನು ಹಿಡಿದು ಬರುವ ಖರ್ಚುಗಳು. ನಿರೀಕ್ಷೆ ಕಳಚಿದೊಡನೆ ಅವನಿಗೆ ಅವೆಲ್ಲವೂ ಹೊರೆಯಾಗುತ್ತವೆ. ಆ ಹೊರೆಯನ್ನು ಬೇರೊಬ್ಬರ ಮೇಲೆ ಇಳಿಸಲು ಯತ್ನಿಸುತ್ತಾನೆ. ಆ ಬೇರೊಬ್ಬರು ಬಹುಮಟ್ಟಿಗೆ ಕೊನೆಯಲ್ಲಿ ನಿಂತ ಸಣ್ಣ ವ್ಯಾಪಾರಿಯೇ ಆಗಿರುತ್ತಾರೆ.

ವೆಸ್ಟ್ ಇಂಡೀಸಿನಲ್ಲಿ ಇನ್ನೊಂದು ತಪ್ಪೂ ನಡೆಯಿತು. ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಅಲ್ಲಿನ ಜನರಿಗೆ ಕ್ರಿಕೆಟ್ ಎಂದರೆ ದಿನವಿಡೀ ನಡೆಯುವ ಜಾತ್ರೆ. ಮನೆಯಿಂದ ಊಟ, ಪಾನೀಯ ಕಟ್ಟಿಕೊಂಡು ಬರುವುದು, ಡೋಲು ಬಡಿಯುವುದು, ಶಂಖ ಊದುವುದು ಅವರ ರೂಢಿ. ಶಂಖವೆಂದರೆ ನಮ್ಮ ದೇವರ ಮನೆಯ ಶಂಖದಂಥದ್ದೇ, ಸಮುದ್ರದ ಚಿಪ್ಪು. 2007ರಲ್ಲಿ ವಾದ್ಯಗಳಿಗೂ ಹೊರಗಿನ ಊಟೋಪಚಾರಗಳಿಗೂ ನಿರ್ಬಂಧ ಬಂದಿತು. ಟಿಕೆಟ್ಟಿನ ದರವೂ ಸ್ಥಳೀಯರ ಕೈಗೆ ನಿಲುಕದಷ್ಟು ಏರಿತು. ಹೊರಗಿನಿಂದ ಬರುವ ಶ್ರೀಮಂತ ಗಿರಾಕಿಗಾಗಿ ಅಂಗಡಿಯನ್ನು ಸಿಂಗರಿಸುವ ಭರದಲ್ಲಿ ನಿತ್ಯದ ಗಿರಾಕಿಯನ್ನು ಬಾಗಿಲಿನಿಂದಾಚೆ ನಿಲ್ಲಿಸಿದಂತಾಯಿತು. ಹೊರಗಿನವನು ಬರಲಿಲ್ಲ, ಒಳಗಿನವನು ಮುನಿಸಿಕೊಂಡನು. ಖಾಲಿ ಆಸನಗಳನ್ನು ದೂರದರ್ಶನದಲ್ಲಿ ಎಲ್ಲರೂ ಕಂಡರು. ಪಂದ್ಯಾವಳಿಯ ನಡುವೆ ನಿಯಮಗಳನ್ನು ಸಡಿಲಿಸಿದರೂ ಕಾಲ ಮಿಂಚಿತ್ತು.

ಇದನ್ನು ನಮ್ಮ ಒಂದು ಸಾಮಾನ್ಯ ವಸತಿಗೃಹಕ್ಕೆ ಅನ್ವಯಿಸಿ ನೋಡಬಹುದು. ಇಪ್ಪತ್ತು ಕೊಠಡಿಗಳಿವೆಯೆಂದೂ, ನಿತ್ಯದ ಬಾಡಿಗೆ ರೂ. 2,500 ಎಂದೂ, ಸರಾಸರಿ ಹನ್ನೆರಡು ಕೊಠಡಿಗಳು ತುಂಬುತ್ತವೆಯೆಂದೂ ಇಟ್ಟುಕೊಳ್ಳೋಣ. ಎರಡು ರಾತ್ರಿಗಳ ವಾಡಿಕೆಯ ಹುಟ್ಟುವಳಿ ರೂ. 60,000. ಪಂದ್ಯದ ಎರಡು ರಾತ್ರಿಗಳಿಗೆ ರೂ. 7,500ರಂತೆ ಇಪ್ಪತ್ತೂ ಕೊಠಡಿಗಳು ಹೋದರೆ ರೂ. 3,00,000. ಈ ವ್ಯತ್ಯಾಸವು ಕಣ್ಣು ಕುಕ್ಕುವಂಥದ್ದು. ಆದರೆ ಪಂದ್ಯ ಕೈತಪ್ಪಿದರೆ ನಷ್ಟವು ಬರೀ 60,000 ರೂಪಾಯಿಗಳದ್ದೆಂದು ಬರೆದುಕೊಳ್ಳುವುದು ಸರಿಯಲ್ಲ. ತಿಂಗಳಿಗೆ ಎರಡು ಸಲ ತಪ್ಪದೆ ಬರುವ ಕಂಪನಿ ಪ್ರತಿನಿಧಿಗೆ ಆ ದಿನಗಳಲ್ಲಿ 'ಕೊಠಡಿ ಇಲ್ಲ' ಎಂದು ಹೇಳಿ ಕಳುಹಿಸಿದ್ದರೆ, ಅವನು ಎದುರಿನ ವಸತಿಗೃಹವನ್ನು ಕಂಡುಕೊಂಡಿರುತ್ತಾನೆ. ಆ ನಷ್ಟವು ಮುಂದಿನ ವರ್ಷದ ಲೆಕ್ಕಪುಸ್ತಕದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಆದುದರಿಂದ ನಿತ್ಯದ ಗಿರಾಕಿಗಳಿಗಾಗಿ ಐದಾರು ಕೊಠಡಿಗಳನ್ನು ವಾಡಿಕೆಯ ದರದಲ್ಲಿಯೇ ಬಿಟ್ಟುಕೊಂಡು ಉಳಿದವನ್ನಷ್ಟೇ ಪಂದ್ಯಕ್ಕೆ ಒಡ್ಡುವುದು ವಿವೇಕ.

ಮರಳಿ ವಿಶ್ವಕಪ್ಪಿಗೆ. ಪಂದ್ಯಾವಳಿಯ ಒಡೆಯರು ತಮ್ಮ ಪಾಠವನ್ನು ಬೇಗನೆ ಕಲಿತರು. 2011ರಲ್ಲಿ ಹದಿನಾಲ್ಕು ತಂಡಗಳನ್ನು ಎರಡೇ ಗುಂಪುಗಳಾಗಿ ವಿಂಗಡಿಸಿದ್ದರಿಂದ ಪ್ರತಿ ತಂಡಕ್ಕೂ ಆರು ಪಂದ್ಯಗಳು ಖಚಿತವಾದವು. 2019ರಲ್ಲಿ ಹತ್ತೇ ತಂಡಗಳು. ಪ್ರತಿಯೊಂದಕ್ಕೂ ಒಂಬತ್ತು ಪಂದ್ಯಗಳು. ದೊಡ್ಡ ಗಿರಾಕಿಯಿರುವ ತಂಡವು ಒಂದು ವಾರದಲ್ಲಿ ಮನೆಗೆ ಹೋಗುವ ಸಂಭವವನ್ನೇ ತೆಗೆದುಹಾಕಿದಂತಾಯಿತು. ಸಣ್ಣ ದೇಶಗಳಿಗೆ ಇದರಿಂದ ಅನ್ಯಾಯವಾಯಿತೆಂಬ ವಾದದಲ್ಲಿ ಹುರುಳಿದೆ. ವ್ಯಾಪಾರಿಯ ಮಟ್ಟಿಗೆ ಮಾತ್ರ ಬೇಡಿಕೆಯ ಮೊದಲ ಭಾಗವು ಭದ್ರವಾಯಿತು. ಕೊನೆಯ ಭಾಗವು ಇಂದಿಗೂ ಭದ್ರವಲ್ಲ. 2019ರ ಜುಲೈ 10ರಂದು ಮ್ಯಾಂಚೆಸ್ಟರಿನಲ್ಲಿ ಭಾರತವು ನ್ಯೂಜಿಲೆಂಡಿಗೆ 18 ರನ್‌ಗಳಿಂದ ಸೋತಾಗ, ನಾಲ್ಕು ದಿನಗಳಲ್ಲಿ ಲಾರ್ಡ್ಸ್‌ನಲ್ಲಿ ನಡೆಯಬೇಕಿದ್ದ ಅಂತಿಮ ಪಂದ್ಯದ ಬಹಳಷ್ಟು ಟಿಕೆಟ್‌ಗಳು ಭಾರತದ ಅಭಿಮಾನಿಗಳ ಕೈಯಲ್ಲಿದ್ದವು. ಬರಲು ಮನಸ್ಸಿಲ್ಲದವರು ಟಿಕೆಟ್ಟನ್ನು ಅಧಿಕೃತ ಮಾರ್ಗದಲ್ಲಿಯೇ ಮರುಮಾರಾಟ ಮಾಡಬೇಕೆಂದು ನ್ಯೂಜಿಲೆಂಡಿನ ಆಟಗಾರ ಜಿಮ್ಮಿ ನೀಶಮ್ ಅಂತರಜಾಲದ ಮೂಲಕ ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು.

ಸೋತರೂ ಗಿರಾಕಿ ಉಳಿಯುವ ಆಟವೂ ಉಂಟು. ಇಂಗ್ಲೆಂಡಿನ 'ಬಾರ್ಮಿ ಆರ್ಮಿ' ಎಂಬ ಅಭಿಮಾನಿಗಳ ಕೂಟಕ್ಕೆ ಆ ಹೆಸರು ಬಂದದ್ದು 1994-95ರ ಆಸ್ಟ್ರೇಲಿಯ ಪ್ರವಾಸದಲ್ಲಿ. ಆ ಸರಣಿಯಲ್ಲಿ ಅವರ ತಂಡ ಸೋತಿತು. ಕೂಟ ಮಾತ್ರ ಬೆಳೆದು, ತನ್ನ ಹೆಸರನ್ನು ವ್ಯಾಪಾರ ಮುದ್ರೆಯಾಗಿ ನೋಂದಾಯಿಸಿಕೊಂಡು, ಅಂಗಿ ಮತ್ತು ಪ್ರವಾಸಗಳನ್ನು ಮಾರುವ ಉದ್ಯಮವೇ ಆಯಿತು. ಕಾರಣ ಸರಳ. ಎರಡು ದೇಶಗಳ ನಡುವಿನ ಟೆಸ್ಟ್ ಸರಣಿಯಲ್ಲಿ ಯಾರೂ ನಡುವೆ ಹೊರಬೀಳುವುದಿಲ್ಲ. ಮೊದಲ ಟೆಸ್ಟ್ ಸೋತವರು ಎರಡನೆಯದನ್ನೂ ಆಡಲೇಬೇಕು. ಪ್ರವಾಸಿಯು ಮೂರು ವಾರ ಇರುತ್ತಾನೆ, ಒಂದೇ ಊರಿನಲ್ಲಿ ಐದಾರು ರಾತ್ರಿ ತಂಗುತ್ತಾನೆ, ಆಟವಿಲ್ಲದ ದಿನ ಊರು ಸುತ್ತುತ್ತಾನೆ. ಒಂದು ರಾತ್ರಿಗೆ ಮೂರು ಪಟ್ಟು ಬಾಡಿಗೆ ಕೊಡುವ ಗಿರಾಕಿಗಿಂತ ಆರು ರಾತ್ರಿ ವಾಡಿಕೆಯ ಬಾಡಿಗೆ ಕೊಡುವ ಗಿರಾಕಿ ಲೇಸೆಂಬುದನ್ನು ಇಪ್ಪತ್ತು ಕೊಠಡಿಗಳ ಮಾಲೀಕರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಆಂಟಿಗುವಾದ ಅದೇ ವಿವಿಯನ್ ರಿಚರ್ಡ್ಸ್ ಕ್ರೀಡಾಂಗಣದಲ್ಲಿ 2009ರ ಫೆಬ್ರವರಿ 13ರಂದು ಇಂಗ್ಲೆಂಡಿನ ಟೆಸ್ಟ್ ಆರಂಭವಾಯಿತು. ಮೈದಾನದ ಮರಳು ಸಡಿಲವಾಗಿದ್ದು ಬೌಲರುಗಳಿಗೆ ಕಾಲೂರಲು ಆಗದೆ, ಹತ್ತೇ ಎಸೆತಗಳಾದ ಮೇಲೆ ಪಂದ್ಯವನ್ನು ಕೈಬಿಡಲಾಯಿತು. ಸಮುದ್ರ ದಾಟಿ ಬಂದ ಇಂಗ್ಲಿಷ್ ಪ್ರೇಕ್ಷಕರು ಊರಿನಲ್ಲಿಯೇ ಇದ್ದರು. ಎರಡು ದಿನಗಳ ಬಳಿಕ ನಗರದ ಹಳೆಯ ಮೈದಾನವನ್ನು ಅಣಿಗೊಳಿಸಿ ಹೊಸದಾಗಿ ಟೆಸ್ಟ್ ಆರಂಭಿಸಿದರು. ಅದು ಕೊನೆಯ ವಿಕೆಟ್ಟಿನವರೆಗೂ ಉಸಿರು ಬಿಗಿಹಿಡಿಸಿ ಡ್ರಾ ಆಯಿತು. ಆಟದ ಜಾಗ ಬದಲಾದರೂ ಊರು ಬದಲಾಗದೆ ಇದ್ದುದರಿಂದ ಅಲ್ಲಿನ ಊಟದಂಗಡಿಗಳೂ ವಸತಿಗೃಹಗಳೂ ತಮ್ಮ ಗಿರಾಕಿಗಳನ್ನು ಕಳೆದುಕೊಳ್ಳಲಿಲ್ಲ.

ಊರೇ ಬದಲಾದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2011ರ ವಿಶ್ವಕಪ್ಪಿನ ಭಾರತ-ಇಂಗ್ಲೆಂಡ್ ಪಂದ್ಯವು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ನಡೆಯಬೇಕಿತ್ತು. ಕ್ರೀಡಾಂಗಣದ ನವೀಕರಣ ಮುಗಿಯದ ಕಾರಣ, ಪಂದ್ಯಕ್ಕೆ ಸುಮಾರು ಒಂದು ತಿಂಗಳು ಉಳಿದಿರುವಾಗ ಅದನ್ನು ಬೆಂಗಳೂರಿಗೆ ವರ್ಗಾಯಿಸಲಾಯಿತು. ಫೆಬ್ರವರಿ 24ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಟಿಕೆಟ್ಟಿಗಾಗಿ ನಿಂತ ಜನಸಂದಣಿಯ ಮೇಲೆ ಪೊಲೀಸರು ಲಾಠಿ ಬೀಸಬೇಕಾಯಿತು. 27ರಂದು ಎರಡೂ ತಂಡಗಳು 338 ರನ್ ಗಳಿಸಿ ಪಂದ್ಯವು ಸಮವಾಯಿತು. ಅದನ್ನು ಕಂಡವರು ಇಂದಿಗೂ ನೆನೆಯುತ್ತಾರೆ. ಅದೇ ರಾತ್ರಿಗೆಂದು ಕೋಲ್ಕತ್ತದಲ್ಲಿ ಕೊಠಡಿ ಕಾದಿರಿಸಿದ್ದ ಇಂಗ್ಲೆಂಡಿನ ಪ್ರವಾಸಿಗಳನ್ನೂ, ಅವರಿಗಾಗಿ ಕಾದಿದ್ದ ಅಲ್ಲಿನ ಮಾಲೀಕರನ್ನೂ ನಾವು ಆಗ ನೆನೆಯಲಿಲ್ಲ. ಸರದಿ ನಮಗೂ ಬಂದಿತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನಡೆದ ಕಾಲ್ತುಳಿತದಲ್ಲಿ 11 ಜನರು ಪ್ರಾಣ ಕಳೆದುಕೊಂಡರು. ಆ ದುಃಖದ ಮುಂದೆ ವ್ಯಾಪಾರದ ಮಾತು ಸಣ್ಣದು. ಆದರೂ ದಾಖಲಿಸಬೇಕಾದ ಸಂಗತಿಯೆಂದರೆ, ಮಹಿಳಾ ವಿಶ್ವಕಪ್ಪಿನಲ್ಲಿ ಬೆಂಗಳೂರಿಗೆ ಗೊತ್ತಾಗಿದ್ದ ಪಂದ್ಯಗಳು ಅದೇ ಆಗಸ್ಟ್‌ನಲ್ಲಿ ಬೇರೆ ಊರುಗಳ ಪಾಲಾದವು.

ದಿನಾಂಕವೂ ಸರಿಯಬಹುದು. 2023ರ ಭಾರತ-ಪಾಕಿಸ್ತಾನ ಪಂದ್ಯವು ಅಕ್ಟೋಬರ್ 15ರಂದು ಅಹಮದಾಬಾದಿನಲ್ಲಿ ಎಂದು ಜೂನ್‌ನಲ್ಲಿ ಪ್ರಕಟವಾದೊಡನೆ ಅಲ್ಲಿನ ಕೊಠಡಿ ಬಾಡಿಗೆಗಳು ಹಲವು ಪಟ್ಟು ಏರಿದವು. ಆ ದಿನ ನವರಾತ್ರಿಯ ಮೊದಲ ದಿನವೆಂದು ಗಮನಿಸಿದ ಮೇಲೆ, ಆಗಸ್ಟ್‌ನಲ್ಲಿ ಪಂದ್ಯವನ್ನು 14ಕ್ಕೆ ಹಿಂದೂಡಲಾಯಿತು. ಗುಜರಾತಿನಲ್ಲಿ ನವರಾತ್ರಿ ಯಾವಾಗ ಬರುತ್ತದೆಂಬುದು ಅಲ್ಲಿನ ಬಳೆಗಾರನಿಗೂ ಜೂನ್‌ನಲ್ಲೇ ಗೊತ್ತಿದ್ದ ವಿಷಯ. ಹೊರಗಿನವರು ಹಾಕಿದ ವೇಳಾಪಟ್ಟಿಯನ್ನು ಸ್ಥಳೀಯ ಪಂಚಾಂಗದೊಡನೆ ಹೋಲಿಸಿ ನೋಡಿದ್ದ ವ್ಯಾಪಾರಿ ಇದ್ದಿದ್ದರೆ, ಎರಡು ದಿನಗಳಿಗೂ ಕೊಠಡಿ ತೆರೆದಿಟ್ಟುಕೊಂಡಿರುತ್ತಿದ್ದನು.

ಇನ್ನು ವಸ್ತು ತಯಾರಕರ ವಿಚಾರ. ಕೊಠಡಿಯು ಇಂದು ಹೋಗದಿದ್ದರೆ ನಾಳೆ ಹೋದೀತು. ತಂಡದ ಹೆಸರು ಹೊತ್ತ ಅಂಗಿ ಹಾಗಲ್ಲ. ತಂಡ ಸೋತ ಮರುದಿನ ಅದು ಅರ್ಧ ಬೆಲೆಗೂ ಹೋಗದು. ಇಲ್ಲಿಯೂ ಒಂದು ಊಹೆಯ ಲೆಕ್ಕವನ್ನು ತೆಗೆದುಕೊಳ್ಳೋಣ. ಪಂದ್ಯಾವಳಿಗೆಂದು 5,000 ಅಂಗಿಗಳು. ಬಟ್ಟೆ ಮತ್ತು ಹೊಲಿಗೆ ರೂ. 90, ಮುದ್ರಣ ರೂ. 30, ಒಟ್ಟು ರೂ. 120. ಮಾರುವ ಬೆಲೆ ರೂ. 250. ಎಲ್ಲವೂ ಮಾರಾಟವಾದರೆ ರೂ. 12,50,000 ಹುಟ್ಟುವಳಿ, ರೂ. 6,00,000 ಅಸಲು, ರೂ. 6,50,000 ಮಿಗತೆ. ಈಗ ತಂಡವು ಮೂರು ಪಂದ್ಯಗಳಲ್ಲಿ ಹೊರಬಿದ್ದು 2,000 ಅಂಗಿಗಳು ಮಾತ್ರ ಹೋದವೆನ್ನಿ. ಅವುಗಳಿಂದ ರೂ. 5,00,000. ಉಳಿದ 3,000 ಅಂಗಿಗಳನ್ನು ಬಂದಷ್ಟು ಬರಲೆಂದು ರೂ. 40ಕ್ಕೆ ಬಿಟ್ಟರೆ ರೂ. 1,20,000. ಮಿಗುವುದು ರೂ. 20,000. ಬಾಡಿಗೆ ಮತ್ತು ಬಡ್ಡಿ ಕಳೆದರೆ ನಷ್ಟವೇ.

ಅದೇ ತಯಾರಕನು 2,000 ಅಂಗಿಗಳಿಗೆ ಮಾತ್ರ ಮುದ್ರೆ ಒತ್ತಿಸಿ, ಉಳಿದ 3,000 ಅಂಗಿಗಳನ್ನು ಬರೀ ನೀಲಿಯಾಗಿಯೇ ಇಟ್ಟುಕೊಂಡಿದ್ದರೆ? ಅವನ ಅಸಲು ರೂ. 2,40,000 ಮತ್ತು ರೂ. 2,70,000 ಸೇರಿ ರೂ. 5,10,000. ತಂಡ ಸೋತರೆ ಮುದ್ರೆಯಿಲ್ಲದ ನೀಲಿ ಅಂಗಿಯನ್ನು ಯಾವ ಅಂಗಡಿಯೂ ಕೊಳ್ಳುತ್ತದೆ. ಸ್ವಲ್ಪ ಕಳೆದುಕೊಂಡು ರೂ. 85ರಂತೆ ಕೊಟ್ಟರೂ ರೂ. 2,55,000 ಬರುತ್ತದೆ. ಮೊದಲಿನ ರೂ. 5,00,000 ಸೇರಿಸಿದರೆ ಮಿಗತೆ ರೂ. 2,45,000. ತಂಡ ಗೆದ್ದರೆ? ಮುದ್ರಣಾಲಯದೊಡನೆ ಮೊದಲೇ ಮಾತಾಡಿಕೊಂಡಿದ್ದರೆ ಮೂರು ಸಾವಿರ ಅಂಗಿಗಳಿಗೆ ಮುದ್ರೆ ಒತ್ತಿಸಲು ಬೇಕಾದದ್ದು ಎರಡು ಮೂರು ದಿನಗಳು. ಅವಸರದ ಕೆಲಸಕ್ಕೆ ಅಂಗಿಗೆ ಐದು ರೂಪಾಯಿ ಹೆಚ್ಚು ತೆತ್ತರೂ ಕಳೆದುಕೊಳ್ಳುವುದು ಹದಿನೈದು ಸಾವಿರ ಮಾತ್ರ; ಉಳಿಸಿಕೊಳ್ಳುವುದು ಎರಡು ಕಾಲು ಲಕ್ಷ. ಸರಕನ್ನು ಎಷ್ಟು ತಡವಾಗಿ 'ಪಂದ್ಯದ ಸರಕು' ಮಾಡುತ್ತೇವೆಯೋ ಅಷ್ಟು ಕ್ಷೇಮ. ಬಾವುಟ, ಟೋಪಿ, ಬೀಸಣಿಗೆ, ಕೀಲಿಗೊಂಚಲು ಯಾವುದಕ್ಕಾದರೂ ಈ ಲೆಕ್ಕ ಹೊಂದುತ್ತದೆ.

ಮುದ್ರೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಪಂದ್ಯಾವಳಿಯ ಲಾಂಛನ, ಮಂಡಳಿಯ ಲಾಂಛನ, ಆಟಗಾರರ ಭಾವಚಿತ್ರ ಇವುಗಳನ್ನು ಪರವಾನಗಿಯಿಲ್ಲದೆ ಬಳಸುವಂತಿಲ್ಲ. 2007ರ ಪಂದ್ಯಾವಳಿಗೆಂದು ವೆಸ್ಟ್ ಇಂಡೀಸಿನ ಆತಿಥೇಯ ದೇಶಗಳು ಪ್ರಾಯೋಜಕರ ಹಕ್ಕುಗಳನ್ನು ಕಾಯಲು ಸೀಮಿತ ಅವಧಿಯ ವಿಶೇಷ ಕಾನೂನುಗಳನ್ನೇ ಮಾಡಿದ್ದವು. ಫುಟ್‌ಬಾಲ್‌ನಲ್ಲಿ ಈ ಬಿಗಿ ಇನ್ನೂ ಹೆಚ್ಚು. 2006ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹಾಲೆಂಡಿನ ಅನೇಕ ಪ್ರೇಕ್ಷಕರು ಬವೇರಿಯಾ ಎಂಬ ಡಚ್ ಬಿಯರ್ ಕಂಪನಿಯ ಹೆಸರಿದ್ದ ಕಿತ್ತಳೆ ಬಣ್ಣದ ಇಜಾರುಗಳನ್ನು ತೊಟ್ಟು ಬಂದಿದ್ದರು. ಆ ಕಂಪನಿಯು ಅಧಿಕೃತ ಪ್ರಾಯೋಜಕನಲ್ಲದ ಕಾರಣ ಅವರು ಅವನ್ನು ದ್ವಾರದಲ್ಲಿಯೇ ಕಳಚಿಡಬೇಕಾಯಿತು. ಕೆಲವರು ಒಳಉಡುಪಿನಲ್ಲಿಯೇ ಕುಳಿತು ಪಂದ್ಯ ನೋಡಿದರು! ಕೊಂಡವನು ಒಳಗೆ ಒಯ್ಯಲಾಗದ ಸರಕನ್ನು ಮಾರುವವನು ಮರುದಿನ ಅದೇ ಜಾಗದಲ್ಲಿ ಅಂಗಡಿ ಹಾಕಲಾರನು. ಆ ಕ್ರೀಡಾಂಗಣದೊಳಗೆ ಯಾವುದಕ್ಕೆ ಪ್ರವೇಶವಿಲ್ಲವೆಂಬ ಪಟ್ಟಿಯು ಟಿಕೆಟ್ಟಿನ ಷರತ್ತುಗಳಲ್ಲಿರುತ್ತದೆ. ಅಚ್ಚು ಮಾಡಿಸುವ ಮುನ್ನವೇ ಅದನ್ನು ಓದತಕ್ಕದ್ದು.

ಕೊನೆಯದಾಗಿ ಮುಂಗಡ ಹಣದ ಪ್ರಶ್ನೆ. ಈ ವಿಷಯದಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಎರಡು ಇಂಗ್ಲಿಷ್ ಮೊಕದ್ದಮೆಗಳು ಇಂದಿಗೂ ಪಾಠವಾಗಿವೆ. 1902ರ ಜೂನ್‌ನಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕ ಗೊತ್ತಾಗಿತ್ತು. ಮೆರವಣಿಗೆ ನೋಡಲೆಂದು ಹೆನ್ರಿ ಎಂಬುವನು ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಕ್ರೆಲ್ ಎಂಬುವನ ಕೊಠಡಿಗಳನ್ನು ಎರಡು ಹಗಲುಗಳ ಮಟ್ಟಿಗೆ 75 ಪೌಂಡುಗಳಿಗೆ ಗೊತ್ತುಮಾಡಿ 25 ಪೌಂಡು ಮುಂಗಡ ಕೊಟ್ಟನು. ದೊರೆಗೆ ಕಾಯಿಲೆಯಾಗಿ ಮೆರವಣಿಗೆ ನಿಂತಿತು. ಮೆರವಣಿಗೆಯೇ ಆ ಕರಾರಿನ ಬುನಾದಿಯಾಗಿದ್ದುದರಿಂದ ಬಾಕಿ 50 ಪೌಂಡು ಕೊಡಬೇಕಾಗಿಲ್ಲವೆಂದು 1903ರಲ್ಲಿ ತೀರ್ಪಾಯಿತು. ಅದೇ ಸಂದರ್ಭದಲ್ಲಿ ಹಟ್ಟನ್ ಎಂಬುವನು ದೊರೆಯು ನೌಕಾಪಡೆಯನ್ನು ಪರಿಶೀಲಿಸುವುದನ್ನು ತೋರಿಸಲು ಮತ್ತು ಹಡಗುಗಳ ಸುತ್ತ ವಿಹರಿಸಲು ಒಂದು ಉಗಿದೋಣಿಯನ್ನು ಬಾಡಿಗೆಗೆ ಹಿಡಿದಿದ್ದನು. ದೊರೆ ಬರಲಿಲ್ಲ, ಹಡಗುಗಳು ಮಾತ್ರ ಅಲ್ಲಿಯೇ ಇದ್ದವು. ವಿಹಾರ ಸಾಧ್ಯವಿದ್ದುದರಿಂದ ಕರಾರು ಊರ್ಜಿತವೆಂದು ನ್ಯಾಯಾಲಯ ಹೇಳಿತು.

ನಮ್ಮಲ್ಲಿ 1872ರ ಭಾರತೀಯ ಕರಾರು ಅಧಿನಿಯಮದ 56ನೆಯ ಕಲಮು ಅಸಾಧ್ಯವಾದ ಕರಾರನ್ನು ಶೂನ್ಯವೆನ್ನುತ್ತದೆ. ಹಾಗೆ ಶೂನ್ಯವಾದಾಗ ಪಡೆದ ಪ್ರಯೋಜನವನ್ನು ಮರಳಿಸಬೇಕೆಂದು 65ನೆಯ ಕಲಮು ವಿಧಿಸುತ್ತದೆ. ಪಂದ್ಯವೇ ರದ್ದಾದರೆ ಅಥವಾ ಬೇರೆ ಊರಿಗೆ ಹೋದರೆ, ಪಂದ್ಯಕ್ಕಾಗಿಯೇ ಎಂದು ಹೇಳಿ ಕೊಟ್ಟ ಕೊಠಡಿಯು ಕ್ರೆಲ್‌ನ ಕೊಠಡಿಯಂತಾಗುತ್ತದೆ. ಪಂದ್ಯ ನಡೆದು, ಗಿರಾಕಿಯ ತಂಡ ಮಾತ್ರ ಇಲ್ಲವಾದರೆ ಅದು ಹಟ್ಟನ್‌ನ ದೋಣಿಯಂತೆ ಎಂಬುದು ನನ್ನ ಅಭಿಪ್ರಾಯ. ಬಾರ್ಬಡೋಸ್‌ನಲ್ಲಿ ಏಪ್ರಿಲ್ 15ರಂದು ಹಡಗುಗಳಿದ್ದವು, ದೊರೆ ಇರಲಿಲ್ಲ. ಆದರೆ ಕಾನೂನು ನಮ್ಮ ಕಡೆಗಿದ್ದ ಮಾತ್ರಕ್ಕೆ ಟೊರಾಂಟೊದಲ್ಲೋ ದುಬೈನಲ್ಲೋ ಇರುವ ಗಿರಾಕಿಯಿಂದ ಬಾಕಿ ವಸೂಲಾಗುವುದಿಲ್ಲ. ಎಲ್ಲ ಸಂದರ್ಭಗಳನ್ನೂ ಮೊದಲೇ ಬರೆದಿಟ್ಟರೆ ನ್ಯಾಯಾಲಯದ ಮೆಟ್ಟಿಲಿನ ಮಾತೇ ಬರದು. ಸದಸ್ಯರು ತಮ್ಮ ಮುಂಗಡ ರಸೀದಿಯಲ್ಲಿ ಹೀಗೆ ಬರೆಸಬಹುದು:

"ಈ ಕಾದಿರಿಸುವಿಕೆಯು ಮೇಲೆ ಬರೆದ ದಿನಾಂಕಗಳ ವಸತಿಗೆ ಸಂಬಂಧಿಸಿದ್ದು. ಪಂದ್ಯದಲ್ಲಿ ಯಾವ ತಂಡಗಳು ಆಡುತ್ತವೆಂಬುದಕ್ಕೆ ನಾವು ಹೊಣೆಯಲ್ಲ. ಪಂದ್ಯವು ರದ್ದಾದರೆ ಅಥವಾ ಬೇರೆ ಊರಿಗೆ ವರ್ಗವಾದರೆ, ಪ್ರಕಟಣೆಯಾದ ಏಳು ದಿನಗಳೊಳಗೆ ಬರವಣಿಗೆಯಲ್ಲಿ ತಿಳಿಸಿದವರಿಗೆ ಮುಂಗಡದಲ್ಲಿ ಒಂದು ರಾತ್ರಿಯ ವಾಡಿಕೆಯ ಬಾಡಿಗೆಯನ್ನು ಕಳೆದು ಉಳಿದದ್ದನ್ನು ಹಿಂದಿರುಗಿಸಲಾಗುವುದು. ದಿನಾಂಕ ಬದಲಾದರೆ, ಕೊಠಡಿ ಲಭ್ಯವಿದ್ದಲ್ಲಿ ಅದೇ ದರದಲ್ಲಿ ಹೊಸ ದಿನಾಂಕಕ್ಕೆ ವರ್ಗಾಯಿಸಲಾಗುವುದು. ಕಾದಿರಿಸಿದವರು ತಮ್ಮ ಹಕ್ಕನ್ನು ಬೇರೊಬ್ಬರಿಗೆ ವರ್ಗಾಯಿಸಬಹುದು."

ಇದನ್ನು ಅಚ್ಚು ಹಾಕಿಸುವ ಮುನ್ನ ತಮ್ಮ ವಕೀಲರಿಗೆ ಒಮ್ಮೆ ತೋರಿಸುವುದು ಒಳ್ಳೆಯದು. ರಸೀದಿಯ ಹಿಂಬದಿಯಲ್ಲಿ ಸಣ್ಣಕ್ಷರಗಳಲ್ಲಿ ಬೇಡ. ಮುಂಬದಿಯಲ್ಲಿ, ಮೊಬಲಗಿನ ಕೆಳಗೆ, ಗಿರಾಕಿಯು ಸಹಿ ಮಾಡುವ ಜಾಗಕ್ಕೆ ಸ್ವಲ್ಪ ಮೇಲೆ ಇರಲಿ.